ಪೇಶಾವರದ ಶಿಬಿರ, ಲಂಡನ್ನಿನ ಸಂಜೆ ಕಾಲೇಜು, ಲಿವರ್‌ಪೂಲ್‌ನ ತುರ್ತು ವಿಭಾಗ: ಡಾ. ವಹೀದ್ ಆರಿಯನ್ ಪ್ರಕರಣದ ಅಧ್ಯಯನ

ನಿರಾಶ್ರಿತರ ಶಿಬಿರದಲ್ಲಿ ಬೆಳೆದ ಹುಡುಗನೊಬ್ಬ ವೈದ್ಯನಾದನೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಅದಕ್ಕೊಂದು ತಲೆಬರಹ ಮೊದಲೇ ಸಿದ್ಧವಾಗಿರುತ್ತದೆ: ಛಲ ಬಿಡದ ಸಾಧಕ. ಛಲವೆಂಬುದು ಸುಳ್ಳಲ್ಲ. ಆದರೆ ಅದೇ ಶಿಬಿರದಲ್ಲಿ ಅಷ್ಟೇ ಛಲವಿದ್ದ ಇತರ ಮಕ್ಕಳು ಏಕೆ ವೈದ್ಯರಾಗಲಿಲ್ಲ ಎಂಬ ಪ್ರಶ್ನೆಗೆ ಆ ತಲೆಬರಹದಲ್ಲಿ ಉತ್ತರವಿಲ್ಲ. ಆದ್ದರಿಂದ ಈ ಅಧ್ಯಯನದಲ್ಲಿ ವ್ಯಕ್ತಿಯ ಗುಣಗಾನವನ್ನು ಬದಿಗಿಟ್ಟು, ಆತ ಹತ್ತಿದ ಒಂದೊಂದು ಮೆಟ್ಟಿಲಿನಲ್ಲಿಯೂ ಯಾವ ವ್ಯವಸ್ಥೆ ಕೆಲಸ ಮಾಡಿತು, ಯಾವುದು ಕೈಕೊಟ್ಟಿತು, ಯಾವುದು ಬರಿಯ ಅದೃಷ್ಟವಾಗಿತ್ತು ಎಂಬುದನ್ನು ನೋಡಲು ಪ್ರಯತ್ನಿಸಲಾಗಿದೆ.

ಆರಿಸಿಕೊಂಡಿರುವ ಪ್ರಕರಣ ಡಾ. ವಹೀದ್ ಆರಿಯನ್ ಅವರದು. 1983ರಲ್ಲಿ ಕಾಬೂಲಿನಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷಗಳನ್ನು ಪಾಕಿಸ್ತಾನದ ನಿರಾಶ್ರಿತ ಶಿಬಿರದಲ್ಲಿ ಕಳೆದು, 15ನೇ ವಯಸ್ಸಿನಲ್ಲಿ ಒಬ್ಬಂಟಿಯಾಗಿ ಬ್ರಿಟನ್ ತಲುಪಿ, ಮುಂದೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ, ಅಂದರೆ ಎನ್‌ಎಚ್‌ಎಸ್‌ನಲ್ಲಿ, ವೈದ್ಯರಾದವರು ಇವರು. ತಮ್ಮ ಜೀವನದ ಬಗ್ಗೆ ಸಂದರ್ಶನಗಳಲ್ಲಿಯೂ ಆತ್ಮಕಥೆಯಲ್ಲಿಯೂ ಅವರೇ ವಿವರವಾಗಿ ಹೇಳಿಕೊಂಡಿರುವುದರಿಂದ, ಅವರ ಖಾಸಗಿ ಬದುಕನ್ನು ಕೆದಕದೆಯೇ ಪ್ರಕರಣವನ್ನು ಪರಿಶೀಲಿಸಲು ಸಾಧ್ಯವಾಗುತ್ತದೆ.

ಹೊರಟದ್ದು

1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕಿತು. 1989ರ ಫೆಬ್ರುವರಿಯಲ್ಲಿ ಅದು ಹಿಂದೆ ಸರಿಯುವ ಹೊತ್ತಿಗೆ ಪಾಕಿಸ್ತಾನವೊಂದರಲ್ಲೇ 30 ಲಕ್ಷಕ್ಕೂ ಹೆಚ್ಚು ಅಫ್ಘನ್ ನಿರಾಶ್ರಿತರಿದ್ದರು. ಆರಿಯನ್ ಹುಟ್ಟಿದ್ದು ಈ ಯುದ್ಧದ ನಟ್ಟನಡುವೆ. ಕಡ್ಡಾಯ ಸೇನಾ ಭರ್ತಿಯಿಂದ ತಪ್ಪಿಸಿಕೊಳ್ಳಲು ತಂದೆ ತಲೆಮರೆಸಿಕೊಂಡಿದ್ದರು. 1988ರಲ್ಲಿ ಕುಟುಂಬವು ಕತ್ತೆ, ಕುದುರೆಗಳ ಮೇಲೆ ಸಾಮಾನು ಹೇರಿಕೊಂಡು ಬೆಟ್ಟದ ದಾರಿಗಳಲ್ಲಿ ಸುಮಾರು ಒಂದು ವಾರ ಸಾಗಿ ಗಡಿ ದಾಟಿತು. ದಾರಿಯಲ್ಲಿ ಬಾಂಬ್ ದಾಳಿಗಳಾದವು. ಆಗ ಹುಡುಗನಿಗೆ ಐದು ವರ್ಷ.

ಶಿಬಿರ ಮತ್ತು ಕ್ಷಯ

ಪೇಶಾವರದ ಬಳಿಯ ಶಿಬಿರದಲ್ಲಿ ಇಡೀ ಕುಟುಂಬಕ್ಕೆ ಒಂದೇ ಕೋಣೆ. ಬೇಸಿಗೆಯಲ್ಲಿ ಆ ಬಯಲಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಅಲ್ಲಿಗೆ ಹೋದ ಕೆಲಕಾಲದಲ್ಲೇ ಹುಡುಗನಿಗೆ ಮೊದಲು ಮಲೇರಿಯಾ, ಅಪೌಷ್ಟಿಕತೆ, ಕೊನೆಗೆ ಕ್ಷಯ ಹೀಗೆ ಒಂದರ ಬೆನ್ನಿಗೆ ಒಂದು ಬಂದು ಕುಳಿತವು. ಬದುಕುಳಿಯುವ ಭರವಸೆ ಕಡಿಮೆಯೆಂದು ತಂದೆಗೆ ತಿಳಿಸಲಾಗಿತ್ತೆಂದು ಆರಿಯನ್ ನೆನಪಿಸಿಕೊಂಡಿದ್ದಾರೆ.

ಈ ಹಂತವನ್ನು ಕಥೆ ಹೇಳುವವರು ಬೇಗ ದಾಟಿಬಿಡುತ್ತಾರೆ; ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ನಿಂತು ನೋಡಬೇಕಾದದ್ದು ಇದೇ. ಕ್ಷಯ ಗಾಳಿಯಿಂದ ಹರಡುವ ರೋಗ. ಮಗುವಿಗೆ ಅದು ಬಂದಿದೆಯೆಂದರೆ ಹತ್ತಿರದಲ್ಲೇ, ಬಹುತೇಕ ಅದೇ ಸೂರಿನಡಿಯಲ್ಲೋ ಪಕ್ಕದಲ್ಲೋ, ಕೆಮ್ಮುತ್ತಿರುವ ದೊಡ್ಡವರೊಬ್ಬರು ಇದ್ದಾರೆಂದೇ ಅರ್ಥ. ಹೀಗಾಗಿ ಶಿಬಿರದ ಮಗುವಿನ ಕ್ಷಯವು ಆ ಮಗುವಿನ ಕಾಯಿಲೆಯಾಗಿರುವಷ್ಟೇ ಆ ಕೋಣೆಯ ಕಾಯಿಲೆಯೂ ಹೌದು. ಅದನ್ನು ಪತ್ತೆ ಮಾಡುವುದು ಸುಲಭವಲ್ಲ: ಚಿಕ್ಕ ಮಕ್ಕಳು ಕಫವನ್ನು ಉಗುಳುವುದಿಲ್ಲ, ನುಂಗಿಬಿಡುತ್ತಾರೆ, ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ನೋಡಲು ವೈದ್ಯನ ಕೈಗೆ ಏನೂ ಸಿಗುವುದಿಲ್ಲ. ಸಂಜೆ ಜ್ವರ, ಇಳಿಯುತ್ತಿರುವ ತೂಕ, ಬಿಡದ ಕೆಮ್ಮು, ಎಕ್ಸ್‌ರೇ ಚಿತ್ರದ ಮೇಲಿನ ನೆರಳು, ಇವುಗಳನ್ನು ಕೂಡಿಸಿ ಊಹಿಸಬೇಕು. ಊಹಿಸಿದ ಮೇಲೆ ತಿಂಗಳುಗಟ್ಟಲೆ ಮಾತ್ರೆ ಕೊಡಬೇಕು. ಒಂದೆರಡು ತಿಂಗಳಲ್ಲಿ ಮಗು ಚೇತರಿಸಿಕೊಂಡಂತೆ ಕಂಡು ಮಾತ್ರೆ ನಿಲ್ಲಿಸಿದರೆ ರೋಗ ಮರಳುತ್ತದೆ, ಕೆಲವೊಮ್ಮೆ ಔಷಧಕ್ಕೆ ಬಗ್ಗದ ರೂಪದಲ್ಲಿ ಮರಳುತ್ತದೆ. ಊರೂರು ಅಲೆಯುವ ಜನರ ನಡುವೆ ತಿಂಗಳುಗಟ್ಟಲೆ ಒಂದೇ ವೈದ್ಯ, ಒಂದೇ ಔಷಧಾಲಯ, ಒಂದೇ ಪಟ್ಟಿಯನ್ನು ಕಾಯ್ದುಕೊಳ್ಳುವುದೆಂದರೆ ಸಣ್ಣ ಸಂಗತಿಯಲ್ಲ.

ಇಲ್ಲಿ ಅದು ನಡೆಯಿತು. ಮಾತ್ರೆ ಸಿಕ್ಕಿತು, ಮುಗಿಯುವವರೆಗೂ ಸಿಕ್ಕಿತು, ಹುಡುಗ ಉಳಿದ. ಚಿಕಿತ್ಸೆ ನೀಡಿದ ವೈದ್ಯರು ತನ್ನ ಪ್ರಶ್ನೆಗಳಿಗೆಲ್ಲ ಉತ್ತರಿಸುತ್ತಿದ್ದರೆಂದೂ, ಕೊನೆಗೆ ತನಗೊಂದು ಸ್ಟೆತಾಸ್ಕೋಪನ್ನೂ ಕಪ್ಪುಬಿಳುಪಿನ ಒಂದು ವೈದ್ಯಕೀಯ ಪುಸ್ತಕವನ್ನೂ ಕೊಟ್ಟರೆಂದೂ, ವೈದ್ಯನಾಗಬೇಕೆಂಬ ಆಸೆ ಅಲ್ಲೇ ಹುಟ್ಟಿತೆಂದೂ ಆರಿಯನ್ ಹೇಳಿದ್ದಾರೆ. ಸ್ಟೆತಾಸ್ಕೋಪಿನ ಪ್ರಸಂಗ ಎಲ್ಲ ವರದಿಗಳಲ್ಲೂ ಬರುತ್ತದೆ, ಮಾತ್ರೆಗಳ ಪ್ರಸಂಗ ಬರುವುದೇ ಇಲ್ಲ. ಆಸೆ ಹುಟ್ಟಿಸಿದ್ದು ಸ್ಟೆತಾಸ್ಕೋಪ್ ಇರಬಹುದು. ಆಸೆಪಡಲು ಹುಡುಗನನ್ನು ಉಳಿಸಿದ್ದು ನಿಯಮಿತವಾಗಿ ಸರಬರಾಜಾದ ಔಷಧ.

ಈ ಮೆಟ್ಟಿಲಿಗೆ ಮತ್ತೊಂದು ಮುಖವಿದೆ. ಕಾಯಿಲೆಯ ಮಗುವಾಗಿ ವೈದ್ಯನೆದುರು ಕುಳಿತವನಿಗೆ ವೈದ್ಯವೃತ್ತಿ ಕಣ್ಣಿಗೆ ಕಾಣುವ ಉದ್ಯೋಗವಾಗುತ್ತದೆ. ಶಿಬಿರದ ಮಕ್ಕಳು ಪ್ರತಿನಿತ್ಯ ನೋಡುವ ಸಂಬಳದ ಉದ್ಯೋಗಗಳು ಬೆರಳೆಣಿಕೆಯಷ್ಟು: ಪಡಿತರ ಹಂಚುವವರು, ಕಾವಲಿನವರು, ಮೇಷ್ಟರು, ನರ್ಸು, ವೈದ್ಯರು. ನಿರಾಶ್ರಿತರಾಗಿ ಬೆಳೆದವರಲ್ಲಿ ಆರೋಗ್ಯ ಕ್ಷೇತ್ರದ ಕಡೆಗೆ ಒಲವು ಏಕೆ ಎದ್ದು ಕಾಣುತ್ತದೆಂಬುದಕ್ಕೆ ತ್ಯಾಗ, ಸೇವೆ ಎಂಬ ದೊಡ್ಡ ಮಾತುಗಳಿಗಿಂತ ಈ ಸರಳ ಕಾರಣವೇ ನನಗೆ ಹೆಚ್ಚು ನಂಬಲರ್ಹವೆನಿಸುತ್ತದೆ.

ಮರಳಿ ಕಾಬೂಲಿಗೆ

1991ರಲ್ಲಿ ಕುಟುಂಬ ಕಾಬೂಲಿಗೆ ಮರಳಿತು. 1992ರ ಏಪ್ರಿಲ್‌ನಲ್ಲಿ ನಜೀಬುಲ್ಲಾ ಸರ್ಕಾರ ಬಿದ್ದ ಮೇಲೆ ಮುಜಾಹಿದೀನ್ ಬಣಗಳು ರಾಜಧಾನಿಗಾಗಿ ತಮ್ಮತಮ್ಮಲ್ಲೇ ಕಾದಾಡಿದವು, ಊರಿನ ಮೇಲೆ ರಾಕೆಟ್‌ಗಳ ಮಳೆಯಾಯಿತು, 1996ರ ಸೆಪ್ಟೆಂಬರಿನಲ್ಲಿ ತಾಲಿಬಾನ್ ನಗರವನ್ನು ವಶಪಡಿಸಿಕೊಂಡಿತು. ಈ ವರ್ಷಗಳಲ್ಲಿ ಹುಡುಗನಿಗೆ ಕ್ರಮಬದ್ಧ ಶಾಲೆ ಎಂಬುದು ದಕ್ಕಿದ್ದು ತೀರಾ ಅಲ್ಪ. ನೆಲಮಾಳಿಗೆಗಳಲ್ಲಿ ಅಡಗಿ ಕುಳಿತ ದಿನಗಳೇ ಹೆಚ್ಚು. ಸಿಕ್ಕ ಪುಸ್ತಕಗಳನ್ನು ತಾನೇ ಓದಿಕೊಂಡ. ಹದಿಹರೆಯಕ್ಕೆ ಬಂದ ಗಂಡುಮಕ್ಕಳು ಹೋರಾಟಗಾರರ ಕೈಗೆ ಸಿಗುವ ಭಯದಲ್ಲಿ ತಂದೆತಾಯಿ ಇದ್ದಬದ್ದದ್ದನ್ನು ಒಟ್ಟುಗೂಡಿಸಿ 1999ರಲ್ಲಿ ಮಗನನ್ನು ಏಜೆಂಟರ ಮೂಲಕ ಬ್ರಿಟನ್ನಿಗೆ ಕಳುಹಿಸಿದರು. ಜೇಬಿನಲ್ಲಿದ್ದದ್ದು 100 ಡಾಲರ್.

ಇದನ್ನು ಓದುವಾಗ ನಾವು ಮರೆಯಬಾರದ ಸಂಗತಿಯೆಂದರೆ, ಒಂದು ಕುಟುಂಬ ಒಬ್ಬನನ್ನು ಕಳುಹಿಸುವುದೆಂದರೆ ಉಳಿದವರನ್ನು ಹಿಂದೆ ಬಿಡುವುದು. ಆ ಕ್ಷಣದಿಂದ ಹುಡುಗ ವಿದ್ಯಾರ್ಥಿಯಷ್ಟೇ ಅಲ್ಲ, ದುಡಿದು ಮನೆಗೆ ಹಣ ಕಳುಹಿಸಬೇಕಾದ ಮಗನೂ ಆದ. ಮುಂದಿನ ಅವನ ದಿನಚರಿಯನ್ನೆಲ್ಲ ನಿರ್ಧರಿಸಿದ್ದು ಈ ಎರಡು ಪಾತ್ರಗಳ ಜಗ್ಗಾಟ.

ಸೆರೆಮನೆಯ ಮೂಲಕ ಪ್ರವೇಶ

ವಿಮಾನ ನಿಲ್ದಾಣದಲ್ಲಿ ಆಶ್ರಯ ಕೇಳಿದ ಹುಡುಗನನ್ನು ಬಂಧಿಸಿ ಲಂಡನ್ನಿನ ಫೆಲ್ಥಮ್‌ನಲ್ಲಿರುವ ಹದಿಹರೆಯದ ಅಪರಾಧಿಗಳ ಬಂದೀಖಾನೆಗೆ ಕಳುಹಿಸಲಾಯಿತು. ಯುದ್ಧದಿಂದ ತಪ್ಪಿಸಿಕೊಂಡು ಬಂದವನ ಮೊದಲ ವಾಸ್ತವ್ಯ, ಕಳವು ಹೊಡೆದಾಟಗಳ ಆರೋಪಿಗಳ ನಡುವೆ. ಸ್ವಲ್ಪ ಕಾಲದಲ್ಲೇ ಅವನನ್ನು ಬಿಡುಗಡೆ ಮಾಡಿದರು.

ಇದು ಒಬ್ಬಿಬ್ಬರು ಅಧಿಕಾರಿಗಳ ನಿರ್ದಯತೆಯಿಂದ ಆದದ್ದೆಂದು ತಿಳಿಯುವುದು ತಪ್ಪಾಗುತ್ತದೆ. ಅದು ಆ ಕಾಲದ ರೂಢಿಯೇ ಆಗಿತ್ತು. ನಿರಾಶ್ರಿತರ ಸ್ಥಾನಮಾನ ಕುರಿತ 1951ರ ಒಡಂಬಡಿಕೆಯ 31ನೇ ವಿಧಿಯ ಪ್ರಕಾರ, ಜೀವಕ್ಕೆ ಅಪಾಯವಿರುವ ನಾಡಿನಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾದ ನಿರಾಶ್ರಿತರನ್ನು ಅಕ್ರಮ ಪ್ರವೇಶದ ಕಾರಣಕ್ಕೆ ದಂಡಿಸುವಂತಿಲ್ಲ. ಬ್ರಿಟನ್ ಅದಕ್ಕೆ ಸಹಿ ಹಾಕಿದ್ದರೂ ಸುಳ್ಳು ಪಾಸ್‌ಪೋರ್ಟ್ ಹಿಡಿದು ಬಂದವರ ಮೇಲೆ ಮೊಕದ್ದಮೆ ಹೂಡುವುದು ನಡೆದೇ ಇತ್ತು. ಅದೇ 1999ರ ಜುಲೈನಲ್ಲಿ, ಅದಿಮಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಪ್ರಕರಣದಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಈ ರೂಢಿಯು 31ನೇ ವಿಧಿಯನ್ನು ಕಡೆಗಣಿಸುತ್ತದೆ ಎಂದು ಹೇಳಿತು. ಆ ವರ್ಷದ ವಲಸೆ ಮತ್ತು ಆಶ್ರಯ ಕಾಯಿದೆಯಲ್ಲಿ ಅಂಥ ಆರೋಪಿಗಳಿಗೆ ಒಂದು ಪ್ರತಿವಾದದ ಅವಕಾಶ ಸೇರಿತು. ಭಾರತವು ಈ ಒಡಂಬಡಿಕೆಗೆ ಇಂದಿಗೂ ಸಹಿ ಹಾಕಿಲ್ಲವಾದ್ದರಿಂದ, ಬೈಲಕುಪ್ಪೆಯ ಟಿಬೆಟನ್ನರನ್ನು ಆರು ದಶಕಗಳಿಂದ ಕಂಡಿರುವ ನಮಗೂ ಆಶ್ರಯವೆಂಬುದು ಸರ್ಕಾರದ ಔದಾರ್ಯದ ಮಾತಾಗಿ ಪರಿಚಿತವೇ ಹೊರತು ಕಾಯಿದೆಯ ಹಕ್ಕಾಗಿ ಅಲ್ಲ. ಬ್ರಿಟನ್ನಿನಲ್ಲಿ ಅದು ಹಕ್ಕು, ಕನಿಷ್ಠಪಕ್ಷ ಕಾಗದದ ಮೇಲೆ.

ಆರೋಗ್ಯ ವೃತ್ತಿಗೂ ಈ ಕಾನೂನಿನ ವಿವರಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ನೇರವಾದದ್ದೇ. ವೈದ್ಯರ ನೋಂದಣಿಗೆ ಅರ್ಜಿ ಹಾಕುವಾಗ ಅಪರಾಧ ದಾಖಲೆ ಇದೆಯೇ ಎಂದು ಕೇಳುತ್ತಾರೆ. ಹದಿನೈದರ ಹರೆಯದಲ್ಲಿ ಸುಳ್ಳು ದಾಖಲೆಯ ಅಪರಾಧ ಸಾಬೀತಾಗಿ ಶಿಕ್ಷೆಯಾಗಿದ್ದರೆ, ವೈದ್ಯಕೀಯ ಕಾಲೇಜಿನ ಅರ್ಜಿಯಿಂದ ಹಿಡಿದು ಆಸ್ಪತ್ರೆಯ ನೇಮಕದವರೆಗೆ ಪ್ರತಿ ಬಾಗಿಲಿನಲ್ಲೂ ಅದಕ್ಕೆ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತಿತ್ತು.

ಟ್ಯಾಕ್ಸಿ ಓಡಿಸು ಎಂದವರು

ಹೊರಬಂದ ಹುಡುಗ ಪೋರ್ಟೊಬೆಲ್ಲೊ ರಸ್ತೆಯ ಬಳಿ ಪರಿಚಿತರ ಆಸರೆಯಲ್ಲಿ ತಂಗಿದ. ತನಗೆ ವೈದ್ಯನಾಗಬೇಕೆಂದಿದೆ ಎಂದಾಗ, ಅದೆಲ್ಲ ಆಗುವ ಹೋಗುವ ಮಾತಲ್ಲ, ಟ್ಯಾಕ್ಸಿ ಓಡಿಸುವುದನ್ನು ಕಲಿ ಎಂದು ಸುತ್ತಲಿನವರು ಬುದ್ಧಿ ಹೇಳಿದರು. ಈ ಸಲಹೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ವಲಸೆ ಬಂದ ಸಮುದಾಯದ ಹಿರಿಯರು ತಮ್ಮ ಕಣ್ಣೆದುರು ಯಶಸ್ವಿಯಾದ ದಾರಿಯನ್ನೇ ತೋರಿಸುತ್ತಾರೆ. ಆ ಊರಿನಲ್ಲಿ ಅವರು ಕಂಡಿದ್ದ ಯಶಸ್ಸಿಗೆ ನಾಲ್ಕು ಚಕ್ರಗಳಿದ್ದವು.

ಆತ ಎಡ್ಜ್‌ವೇರ್ ರಸ್ತೆಯ ಅಂಗಡಿಯಲ್ಲಿ ಮಾರಾಟದ ಕೆಲಸ ಹಿಡಿದ, ಅದರ ಜೊತೆಗೆ ಶುಚಿಗೊಳಿಸುವಂಥ ಬೇರೆ ಕೆಲಸಗಳನ್ನೂ ಮಾಡಿದ, ದುಡಿದದ್ದರಲ್ಲಿ ಮನೆಗೆ ಕಳುಹಿಸಿದ, ಸಂಜೆಯ ಹೊತ್ತು ಮೂರು ಕಾಲೇಜುಗಳಿಗೆ ಸೇರಿ ಓದಿದ.

ಮೂರು ಕಾಲೇಜುಗಳು ಎಂಬ ಮಾತಿನ ಮೇಲೆ ಬೆರಳಿಡಬೇಕು. ಇಂಗ್ಲೆಂಡಿನಲ್ಲಿ ಮಕ್ಕಳು 16ರ ಹೊತ್ತಿಗೆ ಜಿಸಿಎಸ್‌ಇ ಎಂಬ ಪರೀಕ್ಷೆಗಳನ್ನೂ 18ರ ಹೊತ್ತಿಗೆ ಎ-ಲೆವೆಲ್ ಎಂಬ ಪರೀಕ್ಷೆಗಳನ್ನೂ ಬರೆಯುತ್ತಾರೆ. ವೈದ್ಯಕೀಯಕ್ಕೆ ಹೋಗುವವರು ರಸಾಯನಶಾಸ್ತ್ರದ ಜೊತೆಗೆ ಜೀವಶಾಸ್ತ್ರವನ್ನೋ ಗಣಿತ, ಭೌತಶಾಸ್ತ್ರಗಳನ್ನೋ ತೆಗೆದುಕೊಂಡು ಅತ್ಯುನ್ನತ ಶ್ರೇಣಿಯಲ್ಲಿ ಪಾಸಾಗಬೇಕು. ಹದಿನೈದಕ್ಕೆ ಬಂದಿಳಿದವನು ಈ ಏಣಿಯ ಮಧ್ಯದ ಹಲ್ಲಿಗೆ ನೇತುಬಿದ್ದ ಹಾಗೆ. ಹಗಲು ಶಾಲೆಗೆ ಹೋಗಲು ದುಡಿಮೆ ಬಿಡುವುದಿಲ್ಲ. ಹಿಂದಿನ ತರಗತಿಯ ಪ್ರಮಾಣಪತ್ರ ಕೇಳಿದರೆ ತೋರಿಸಲು ಕಾಗದವಿಲ್ಲ. ಅಂಥವರಿಗೆ ಇಂಗ್ಲೆಂಡಿನಲ್ಲಿ ಒಂದು ದಾರಿ ಇತ್ತು: ಶಾಲೆ ಬಿಟ್ಟವರಿಗೆ, ದುಡಿಯುವವರಿಗೆ, ಹೊಸದಾಗಿ ಭಾಷೆ ಕಲಿಯುವವರಿಗೆ ಬಾಗಿಲು ತೆರೆದಿಡುವ, ಯಾವ ದರ್ಜೆಯ ಪಟ್ಟಿಯಲ್ಲೂ ಹೆಸರು ಕಾಣದ ಸ್ಥಳೀಯ ಕಾಲೇಜುಗಳು. ಒಂದರಲ್ಲಿ ಒಂದು ವಿಷಯ, ಇನ್ನೊಂದರಲ್ಲಿ ಇನ್ನೊಂದು, ಸಂಜೆ ಹೊತ್ತಿನ ವೇಳಾಪಟ್ಟಿಗೆ ಹೊಂದುವಂತೆ ಜೋಡಿಸಿಕೊಂಡು ಓದಬಹುದಾಗಿತ್ತು. ಪತ್ರಿಕೆಗಳು ಬರೆಯುವುದು ಕೇಂಬ್ರಿಜ್ ಬಗ್ಗೆ. ಕೇಂಬ್ರಿಜ್ ಈ ಹುಡುಗನನ್ನು ಗುರುತಿಸಿದ್ದು ನಿಜವಾದರೂ, ಗುರುತಿಸಲು ಬೇಕಾದ ಅಂಕಪಟ್ಟಿಯನ್ನು ಅವನ ಕೈಗಿತ್ತದ್ದು ಸಂಜೆ ಕಾಲೇಜುಗಳು. ಈ ಪ್ರಕರಣದಲ್ಲಿ ನಾನು ಯಾರಿಗಾದರೂ ಹಾರ ಹಾಕಬೇಕಾದರೆ ಆ ತರಗತಿಗಳಲ್ಲಿ ರಾತ್ರಿ ಒಂಬತ್ತರವರೆಗೆ ಪಾಠ ಹೇಳಿದ ಹೆಸರಿಲ್ಲದ ಅಧ್ಯಾಪಕರಿಗೆ ಹಾಕುತ್ತೇನೆ.

2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಟ್ರಿನಿಟಿ ಹಾಲ್ ಕಾಲೇಜಿನಲ್ಲಿ ವೈದ್ಯಕೀಯಕ್ಕೆ ಸೀಟು ದೊರೆಯಿತು. ಬ್ರಿಟನ್ ತಲುಪಿ ಆಗ ಸುಮಾರು ನಾಲ್ಕು ವರ್ಷ.

ಇಲ್ಲಿ ಹಣದ ಲೆಕ್ಕವನ್ನೂ ಹೇಳಬೇಕು. ನಿರಾಶ್ರಿತರೆಂದು ಮಾನ್ಯತೆ ಪಡೆದವರನ್ನು ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಶುಲ್ಕದ ದೃಷ್ಟಿಯಿಂದ ಸ್ಥಳೀಯರೆಂದೇ ಪರಿಗಣಿಸುತ್ತವೆ. 2003-04ರಲ್ಲಿ ಇಂಗ್ಲೆಂಡಿನ ಸ್ಥಳೀಯ ವಿದ್ಯಾರ್ಥಿಯ ವಾರ್ಷಿಕ ಬೋಧನಾ ಶುಲ್ಕ ಗರಿಷ್ಠ 1,125 ಪೌಂಡ್ ಇತ್ತು, ಅದೂ ಕುಟುಂಬದ ಆದಾಯ ನೋಡಿ. ಹೊರದೇಶದ ವಿದ್ಯಾರ್ಥಿಗೆ ವೈದ್ಯಕೀಯದ ಶುಲ್ಕ ಅದರ ಹಲವು ಪಟ್ಟು. ಅದೇ ಹುಡುಗ, ಅದೇ ಅಂಕ, ಅದೇ ಕಾಲೇಜು. ಆದರೆ ಕೈಯಲ್ಲಿರುವ ವಾಸದ ಪತ್ರದಲ್ಲಿ ಯಾವ ಪದ ಬರೆದಿದೆ ಎಂಬುದರ ಮೇಲೆ ಓದು ಸಾಧ್ಯವೋ ಅಸಾಧ್ಯವೋ ಎಂಬುದು ತೀರ್ಮಾನವಾಗುತ್ತದೆ. ಆಶ್ರಯದ ಅರ್ಜಿ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದ ಮಕ್ಕಳ ಸೋಲಿಗೆ ಅನೇಕ ಬಾರಿ ಇದೇ ಕಾರಣ, ಪ್ರತಿಭೆಯ ಕೊರತೆಯಲ್ಲ.

ಮತ್ತೊಂದು ವ್ಯತ್ಯಾಸವನ್ನೂ ಗಮನಿಸಬೇಕು. ತಮ್ಮ ನಾಡಿನಲ್ಲೇ ವೈದ್ಯರಾಗಿದ್ದು ನಂತರ ನಿರಾಶ್ರಿತರಾಗಿ ಬಂದವರು ಬ್ರಿಟನ್ನಿನಲ್ಲಿ ಇಂಗ್ಲಿಷ್ ಪರೀಕ್ಷೆ ಪಾಸಾಗಿ, ಪ್ಲ್ಯಾಬ್ ಎಂಬ ಎರಡು ಹಂತದ ಅರ್ಹತಾ ಪರೀಕ್ಷೆ ಬರೆದು, ಹಳೆಯ ಪದವಿ ಪತ್ರಗಳನ್ನು ಪರಿಶೀಲನೆಗೆ ಒಪ್ಪಿಸಿ, ಆಮೇಲಷ್ಟೇ ಕೆಲಸಕ್ಕೆ ನಿಲ್ಲಬಹುದು. ಬಾಂಬಿಗೆ ಸುಟ್ಟ ವಿಶ್ವವಿದ್ಯಾಲಯದಿಂದ ಪದವಿ ಪತ್ರದ ದೃಢೀಕರಣ ತರಿಸುವುದು ಹೇಗೆಂಬುದನ್ನು ಅವರೇ ಬಲ್ಲರು. ಬಾಲಕನಾಗಿ ಬಂದವನಿಗೆ ಈ ಗೋಳಿಲ್ಲ. ಅವನ ಓದೆಲ್ಲ ಅಲ್ಲಿಯದೇ ಆದ್ದರಿಂದ ಪದವಿಯ ಮರುದಿನವೇ ಅವನು ಇತರರಂತೆಯೇ ಒಬ್ಬ ಕಿರಿಯ ವೈದ್ಯ. ಕಳೆದುಹೋದ ಬಾಲ್ಯಕ್ಕೆ ಪ್ರತಿಯಾಗಿ ಸಿಕ್ಕ ಅನುಕೂಲವೆಂದು ಇದನ್ನು ಕರೆಯಲು ಮನಸ್ಸಾಗುವುದಿಲ್ಲವಾದರೂ, ಲೆಕ್ಕದಲ್ಲಿ ಅದನ್ನು ಬಿಡುವಂತೆಯೂ ಇಲ್ಲ.

ಒಳಗಿನ ಗಾಯ

ಕೇಂಬ್ರಿಜ್‌ನಲ್ಲಿ ಮೊದಲ ಮೂರು ವರ್ಷ ವೈದ್ಯವಿಜ್ಞಾನದ ತಳಹದಿ. ಆಮೇಲೆ ಆಸ್ಪತ್ರೆಯ ವರ್ಷಗಳು. ಆ ಕಾಲದಲ್ಲಿ ಅಲ್ಲಿನ ಅನೇಕ ವಿದ್ಯಾರ್ಥಿಗಳು ಎರಡನೆಯ ಹಂತಕ್ಕೆ ಲಂಡನ್ನಿಗೆ ಹೋಗುತ್ತಿದ್ದರು. ಆರಿಯನ್ ಕೂಡ ಇಂಪೀರಿಯಲ್ ಕಾಲೇಜಿಗೆ ಬಂದರು, ಒಂದಷ್ಟು ಕಾಲದ ಅನುಭವಕ್ಕಾಗಿ ಹಾರ್ವರ್ಡ್‌ಗೂ ಹೋಗಿಬಂದರು. ಅಂಕಪಟ್ಟಿಯಿಂದ ನೋಡಿದರೆ ಇಲ್ಲಿಂದಾಚೆಗೆ ಎಲ್ಲವೂ ಸಲೀಸು.

ಅಂಕಪಟ್ಟಿಯಲ್ಲಿ ಬರೆಯದ ಸಂಗತಿಯನ್ನು ಅವರೇ ಮುಂದೆ ಬಹಿರಂಗವಾಗಿ ಹೇಳಿದರು. ಬೆಚ್ಚಿಬೀಳಿಸುವ ಕನಸುಗಳು, ಯುದ್ಧದ ದೃಶ್ಯಗಳು ಕಣ್ಣೆದುರು ಮರುಕಳಿಸುವುದು, ಕಾರಣವಿಲ್ಲದ ದಿಗಿಲು: ಆಘಾತೋತ್ತರ ಒತ್ತಡದ ಕಾಯಿಲೆಯೆಂದು, ಪಿಟಿಎಸ್‌ಡಿ ಎಂದು, ಇದಕ್ಕೆ ಹೆಸರಿದೆಯೆಂಬುದು ಅವರಿಗೆ ಬ್ರಿಟನ್ನಿಗೆ ಬಂದ ಮೇಲೆಯೇ ತಿಳಿದದ್ದು. ಕಾಬೂಲಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಇದ್ದದ್ದು ಅದೇ ಆದ್ದರಿಂದ ಅದು ಅಲ್ಲಿ ಕಾಯಿಲೆಯಂತೆ ಕಾಣುತ್ತಿರಲಿಲ್ಲ.

ಈ ಅಂಶಕ್ಕೆ ಪ್ರಕರಣದಲ್ಲಿ ವಿಶೇಷ ಮಹತ್ವವಿದೆ, ಏಕೆಂದರೆ ಆರೋಗ್ಯ ಕ್ಷೇತ್ರವೇ ಗಾಯವನ್ನು ಕೆದಕುವ ಕ್ಷೇತ್ರ. ತುರ್ತು ವಿಭಾಗದಲ್ಲಿ ಕೆಲಸ ಮಾಡುವವನಿಗೆ ರಕ್ತ, ಚೀರಾಟ, ಸುಟ್ಟ ಚರ್ಮದ ವಾಸನೆ ನಿತ್ಯದ ಸಂಗತಿಗಳು. ಬಾಲ್ಯದಲ್ಲಿ ಯುದ್ಧ ಕಂಡವನು ಅಲ್ಲಿ ಸಮಚಿತ್ತದಿಂದಿರಬಲ್ಲ ಎಂದು ಮೆಚ್ಚುವವರಿದ್ದಾರೆ. ಸಮಚಿತ್ತವೂ ಒಂದು ರೋಗಲಕ್ಷಣವಾಗಿರಬಹುದು ಎಂಬುದನ್ನು ಮೆಚ್ಚುಗೆಯ ಭರದಲ್ಲಿ ಯಾರೂ ಯೋಚಿಸುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ತಮ್ಮ ಮಾನಸಿಕ ಆರೋಗ್ಯದ ಬಗ್ಗೆ ಬಾಯಿ ಬಿಡಲು ಹಿಂಜರಿಯುತ್ತಾರೆ, ವೃತ್ತಿಗೆ ಅನರ್ಹನೆಂದುಕೊಂಡಾರು ಎಂಬ ಭಯ; ನಿರಾಶ್ರಿತನಾಗಿ ಬಂದವನಿಗೆ ಆ ಭಯದ ಜೊತೆಗೆ, ಇಷ್ಟೆಲ್ಲ ಕೊಟ್ಟವರ ಮುಂದೆ ಗೋಳಾಡುವುದು ಹೇಗೆ ಎಂಬ ಸಂಕೋಚವೂ ಸೇರುತ್ತದೆ. ಆರಿಯನ್ ನೆರವು ಪಡೆದರು, ಆ ಬಗ್ಗೆ ಮಾತಾಡಿದರು, ಮುಂದಿನ ವರ್ಷಗಳಲ್ಲಿ ಮಾನಸಿಕ ಯೋಗಕ್ಷೇಮದ ಸೇವೆಯನ್ನೂ ತಮ್ಮ ಕೆಲಸದ ಭಾಗವಾಗಿಸಿಕೊಂಡರು.

ಕಾಬೂಲಿನಿಂದ ಬಂದ ಫೋಟೊ

ವೈದ್ಯರಾದ ಮೇಲೆ ಅವರು ಲಿವರ್‌ಪೂಲ್‌ನಲ್ಲಿ ರೇಡಿಯಾಲಜಿ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳನ್ನು ಓದುವ ಶಾಖೆಯ, ತರಬೇತಿಯನ್ನೂ ಏಂಟ್ರಿ ಆಸ್ಪತ್ರೆಯ ತುರ್ತು ವಿಭಾಗದ ಕೆಲಸವನ್ನೂ ಮಾಡಿದರು. ರಜೆಯಲ್ಲಿ ಅಫ್ಘಾನಿಸ್ತಾನಕ್ಕೆ ಹೋದಾಗ ಅಲ್ಲಿನ ಆಸ್ಪತ್ರೆಗಳಲ್ಲಿ ವೈದ್ಯರಿಗೆ ತಜ್ಞರ ಸಲಹೆ ಹತ್ತಿರದಲ್ಲಿ ಸಿಗದಿರುವುದನ್ನು ಕಂಡರು. 2015ರಲ್ಲಿ ಆರಿಯನ್ ಟೆಲಿಹೀಲ್ ಎಂಬ ಸೇವಾಸಂಸ್ಥೆಯನ್ನು ಆರಂಭಿಸಿದರು. ಬ್ರಿಟನ್ ಮುಂತಾದ ದೇಶಗಳ 100ಕ್ಕೂ ಹೆಚ್ಚು ಸ್ವಯಂಸೇವಕ ವೈದ್ಯರು ಕ್ರಮೇಣ ಅದರಲ್ಲಿ ಸೇರಿಕೊಂಡರು. ಕಾಬೂಲಿನಲ್ಲಿ ಶುರುವಾದ ಸೇವೆ ಸಿರಿಯಾದಂಥ ಬೇರೆ ಯುದ್ಧಭೂಮಿಗಳಿಗೂ ಚಾಚಿತು.

ಕೆಲಸದ ರೀತಿ ಆಶ್ಚರ್ಯವಾಗುವಷ್ಟು ಸರಳ. ಕಾಬೂಲಿನ ವಾರ್ಡಿನಲ್ಲಿ ವೈದ್ಯರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ರೋಗಿಯ ಹೆಸರನ್ನು ಕಳಚಿ, ವಯಸ್ಸು, ಗಾಯ, ನಾಡಿ, ರಕ್ತದೊತ್ತಡ, ಈವರೆಗೆ ಕೊಟ್ಟ ಔಷಧ ಇಷ್ಟನ್ನು ಬರೆದು ವಾಟ್ಸ್ಆ್ಯಪ್‌ನಂಥ ಆ್ಯಪ್‌ನಲ್ಲಿ ಕಳುಹಿಸುತ್ತಾರೆ. ಚಳಿಗಾಲದಲ್ಲಿ ಕಾಬೂಲಿನ ಗಡಿಯಾರ ಲಿವರ್‌ಪೂಲ್‌ಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಕಳುಹಿಸಿದ ಚಿತ್ರ ಲಿವರ್‌ಪೂಲ್‌ನ ವೈದ್ಯ ಬೆಳಿಗ್ಗೆ ಏಳೂವರೆಗೆ ಕೆಲಸಕ್ಕೆ ಹೊರಡುವಾಗ ತಲುಪುತ್ತದೆ. ಉತ್ತರ ಸಲಹೆಯ ರೂಪದಲ್ಲಿರುತ್ತದೆ. ರೋಗಿಯ ಮೈ ಮುಟ್ಟಿ ನೋಡಿರುವವರು ಕಾಬೂಲಿನ ವೈದ್ಯರಾದ್ದರಿಂದ ನಿರ್ಧಾರ ಅವರದೇ.

ರೇಡಿಯಾಲಜಿ ಓದಿದವರ ಕಣ್ಣಿಗೆ ಈ ವ್ಯವಸ್ಥೆಯ ಕೊರತೆಗಳು ತಕ್ಷಣ ಕಾಣುತ್ತವೆ. ಮೊಬೈಲಿನಲ್ಲಿ ಕಳುಹಿಸುವಾಗ ಚಿತ್ರ ಕುಗ್ಗುತ್ತದೆ, ಸಣ್ಣ ಬಿರುಕು ಮಸುಕಾಗಬಹುದು. ಸಿಟಿ ಸ್ಕ್ಯಾನ್ ಎಂದರೆ ನೂರಾರು ಪದರಗಳ ಕಟ್ಟು. ತಜ್ಞರು ಅದನ್ನು ಮೇಲೆ ಕೆಳಗೆ ಸರಿಸುತ್ತಾ ನೋಡಿ ರೂಢಿಯಾದವರು. ಫೋನಿನಲ್ಲಿ ಬರುವುದು ಅದರಲ್ಲಿ ನಾಲ್ಕೋ ಆರೋ ಪದರ. ಆ ನಾಲ್ಕನ್ನು ಆರಿಸಿದವರು ಯಾರು? ಕಾಬೂಲಿನ ವೈದ್ಯರೇ. ಅಂದರೆ ಲಿವರ್‌ಪೂಲ್‌ನ ಸಲಹೆಯ ಗುಣಮಟ್ಟ ನಿಂತಿರುವುದೇ ಕಾಬೂಲಿನವರ ಆಯ್ಕೆಯ ಕಣ್ಣಿನ ಮೇಲೆ. ನೆರವು ಕೊಡುವವರು ಇಲ್ಲಿ, ಪಡೆಯುವವರು ಅಲ್ಲಿ ಎಂದು ಗೆರೆ ಎಳೆಯಲು ಬಾರದ ಸಂಬಂಧ ಇದು. ಬಾಂಬ್ ಸ್ಫೋಟದ ಗಾಯಗಳ ವಿಷಯದಲ್ಲಂತೂ ಪಾತ್ರಗಳು ತಿರುಗುಮುರುಗಾಗುತ್ತವೆ: ಬ್ರಿಟನ್ನಿನ ತಜ್ಞರು ವೃತ್ತಿಜೀವನದಲ್ಲಿ ಒಂದೆರಡು ಬಾರಿ ನೋಡಬಹುದಾದದ್ದನ್ನು ಕಾಬೂಲಿನ ಕಿರಿಯ ವೈದ್ಯ ಒಂದು ವಾರದಲ್ಲಿ ನೋಡಿರುತ್ತಾನೆ.

ದೂರದಿಂದ ವೈದ್ಯ ಸಲಹೆ ಕನ್ನಡಿಗರಿಗೆ ಹೊಸತಲ್ಲ. 2000ರ ದಶಕದ ಆರಂಭದಲ್ಲೇ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳು ಬೆಂಗಳೂರಿನ ಹೃದ್ರೋಗ ತಜ್ಞರೊಂದಿಗೆ ಜೋಡಣೆಯಾಗಿದ್ದವು. ಅದಕ್ಕೆ ಡಿಶ್ ಆ್ಯಂಟೆನಾ ಬೇಕಿತ್ತು, ಪ್ರತ್ಯೇಕ ಕೋಣೆ ಬೇಕಿತ್ತು, ಎಲ್ಲಕ್ಕಿಂತ ಮಿಗಿಲಾಗಿ ನೆಟ್ಟಗೆ ನಿಂತ ಸರ್ಕಾರವೊಂದು ಬೇಕಿತ್ತು. ಯುದ್ಧದ ನಾಡಿನಲ್ಲಿ ಇವು ಮೂರೂ ಇರುವುದಿಲ್ಲ. ಇರುವುದು ವೈದ್ಯನ ಜೇಬಿನ ಫೋನ್ ಮಾತ್ರ. ದುಬಾರಿ ಉಪಕರಣದ ಯೋಜನೆಯೊಂದನ್ನು ಬರೆದು ದಾನಿಗಳ ಮುಂದಿಡದೆ, ಅಲ್ಲಿ ಈಗಾಗಲೇ ಇರುವುದರಿಂದಲೇ ಆರಂಭಿಸಬೇಕೆಂದು ಹೊಳೆದದ್ದರಲ್ಲಿ ಆರಿಯನ್ ಅವರ ಶಿಬಿರದ ಬಾಲ್ಯದ ಪಾತ್ರವಿದೆ ಎಂದು ನಾನು ಓದುತ್ತೇನೆ. ಕಫ ಸಿಗದ ಮಗುವಿನ ಕ್ಷಯವನ್ನು ಜ್ವರ, ತೂಕಗಳಿಂದ ಊಹಿಸಿದ ವೈದ್ಯರ ರೋಗಿಯಾಗಿದ್ದವರು ಅವರು.

ಅದೇ ಹುಡುಗ ಇಂದು ಬಂದರೆ

ಪ್ರಕರಣದ ಮೆಟ್ಟಿಲುಗಳು ಇಂದಿಗೂ ಇವೆಯೇ ಎಂದು ಪರೀಕ್ಷಿಸುವುದು ಅಧ್ಯಯನದ ಭಾಗವೇ. ಬ್ರಿಟನ್ನಿನ 2022ರ ಪೌರತ್ವ ಮತ್ತು ಗಡಿ ಕಾಯಿದೆಯು, ಪೂರ್ವಾನುಮತಿಯಿಲ್ಲದೆ ಬಂದಿಳಿಯುವುದನ್ನೇ ನಾಲ್ಕು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವನ್ನಾಗಿಸಿತು. ನೇರವಾಗಿ ಬಂದವರು ಎಂಬ 31ನೇ ವಿಧಿಯ ಮಾತಿಗೆ ಅದು ಕೊಟ್ಟಿರುವ ಅರ್ಥವೂ ಅದಿಮಿ ತೀರ್ಪಿನ ಅರ್ಥಕ್ಕಿಂತ ಕಿರಿದು. 2025ರ ಫೆಬ್ರುವರಿಯಲ್ಲಿ ಗೃಹ ಇಲಾಖೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅಕ್ರಮವಾಗಿ ಪ್ರವೇಶಿಸಿದವರಿಗೆ ಎಷ್ಟು ವರ್ಷ ಕಳೆದರೂ ಸಾಮಾನ್ಯವಾಗಿ ಪೌರತ್ವ ನಿರಾಕರಿಸಲಾಗುತ್ತದೆ. 1999ರ ಹುಡುಗನಿಗೆ ಸ್ವಲ್ಪ ಕಾಲದಲ್ಲೇ ತೆರೆದ ಫೆಲ್ಥಮ್‌ನ ಬಾಗಿಲು ಇಂದು ಅಷ್ಟು ಬೇಗ ತೆರೆಯುತ್ತದೆಂದು ಹೇಳಲಾಗದು.

ಕಾಬೂಲಿನ ಕಡೆಯ ಚಿತ್ರ ಇನ್ನೂ ಕಠಿಣ. 2021ರ ಆಗಸ್ಟ್ 15ರಂದು ತಾಲಿಬಾನ್ ಮರಳಿದ ಮೇಲೆ, 2022ರ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಗಳನ್ನು ಮುಚ್ಚಲಾಯಿತು. ಆರೋಗ್ಯ ತರಬೇತಿಯ ಸಂಸ್ಥೆಗಳು ಮಾತ್ರ ಅವರಿಗಾಗಿ ಉಳಿದಿದ್ದವು. 2024ರ ಡಿಸೆಂಬರಿನಲ್ಲಿ ಅವುಗಳಿಗೂ ಆದೇಶ ತಲುಪಿತು, ಮತ್ತು ನರ್ಸಿಂಗ್ ಹಾಗೂ ಹೆರಿಗೆ ಮಾಡಿಸುವ ತರಬೇತಿಯಲ್ಲಿದ್ದ ಹುಡುಗಿಯರನ್ನು ಮರುದಿನದಿಂದ ತರಗತಿಗೆ ಬರಬೇಡಿರೆಂದು ಮನೆಗೆ ಕಳುಹಿಸಲಾಯಿತು.